ಅಪ್‌ಡೇಟ್: ಅಮ್ಮನ ಕತ್ತು ನೋವಿಗೆ ಕಾರಣ ಥೈರಾಯ್ಡ್ ಉರಿಯೂತ
ಶೀತ ಜ್ವರ ಬಿಟ್ಟ ಮೇಲೆ ಅಮ್ಮನಿಗೆ ಕತ್ತಿನ ಮುಂಭಾಗ ನೋವು, ಕಿವಿವರೆಗೂ ಸೆಳೆತ, ಎದೆ ಡವಡವ ಅಂತ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು. ‘ಇಎಸ್‌ಆರ್ (ಉರಿಯೂತ ಇದೆಯಾ ಎಂದು ತೋರಿಸುವ ರಕ್ತಪರೀಕ್ಷೆ) ಮಾಡಿಸಿ’ ಅಂದವರ ಮಾತೇ ಸರಿ. ಅದು ತುಂಬಾ ಜಾಸ್ತಿ ಇತ್ತು, ಥೈರಾಯ್ಡನ್ನು ಚುರುಕುಗೊಳಿಸುವ ಟಿಎಸ್‌ಎಚ್ ತೀರಾ ಕಡಿಮೆ, ಅಂದರೆ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಜಾಸ್ತಿ. ಸಬ್‌ಅಕ್ಯೂಟ್ ಥೈರಾಯ್ಡೈಟಿಸ್, ಅಂದರೆ ಕತ್ತಿನ ಮುಂಭಾಗದ ಥೈರಾಯ್ಡ್ ಗ್ರಂಥಿಯ ಉರಿಯೂತ ಎಂದರು ಡಾಕ್ಟರು.

ಆಂಟಿಬಯೋಟಿಕ್, ಉಪ್ಪುನೀರು ಯಾವುದೂ ನಾಟಲಿಲ್ಲ. ನೋವಿನ ಮಾತ್ರೆಯೂ ಸಾಲಲಿಲ್ಲ. ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಕೊಟ್ಟ ಮರುದಿನವೇ ನೋವು ಇಳಿಯಿತು, ನಿಜಕ್ಕೂ ಜೀವ ಬಂದಂತಾಯಿತು. ಎದೆಬಡಿತಕ್ಕೆ ಪ್ರೊಪ್ರನೊಲಾಲ್.

ನನಗೆ ಅಚ್ಚರಿಯಾಗಿದ್ದು, ಕೆಲವರು ಹೇಳಿದ್ದ ಕಾರ್ಬಿಮಜೋಲ್ (ಥೈರಾಯ್ಡ್ ಹಾರ್ಮೋನ್ ತಯಾರಿಕೆ ತಗ್ಗಿಸುವ ಮಾತ್ರೆ) ಇದಕ್ಕೆ ಕೆಲಸ ಮಾಡಲ್ಲ. ಗ್ರಂಥಿ ಹಾರ್ಮೋನನ್ನು ಜಾಸ್ತಿ ತಯಾರಿಸುತ್ತಿಲ್ಲ, ಕೂಡಿಟ್ಟಿದ್ದು ಸೋರುತ್ತಿದೆ ಅಷ್ಟೇ. ಮುಂದೆ ಕೆಲಕಾಲ ಥೈರಾಯ್ಡ್ ಹಾರ್ಮೋನ್ ಕಡಿಮೆಯಾಗಿ ಟಿಎಸ್‌ಎಚ್ ಏರಬಹುದು, ಹೆಚ್ಚಿನವರಲ್ಲಿ ತಾನಾಗೇ ಸರಿಹೋಗುತ್ತದೆ. 6 ವಾರ ಬಿಟ್ಟು ಮತ್ತೆ ರಕ್ತಪರೀಕ್ಷೆ ಇದೆ. ಸ್ಟಿರಾಯ್ಡನ್ನು ಮಾತ್ರ ನೀವಾಗೇ ನಿಲ್ಲಿಸಬೇಡಿ, ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.