ಕೀಂ ಗಣಿತದಲ್ಲಿ 300ಕ್ಕೆ 59. ಎಲ್ಲಿ ತಪ್ಪುತ್ತಿದ್ದೇನೆ?

ಬದಿಯಡ್ಕದ ಹುಡುಗಿ:

ಎಲ್ಲರಿಗೂ ನಮಸ್ಕಾರ. ಹತ್ತನೇ ಕ್ಲಾಸಿನ ತನಕ ನಾನು ಕನ್ನಡ ಮೀಡಿಯಂ. ಆಮೇಲೆ ಪ್ಲಸ್ ಟು ಸೈನ್ಸ್. ಗಣಿತಕ್ಕೆ ಎ ಗ್ರೇಡ್ ಬಂದಿತ್ತು. ಕೇರಳದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಕೀಂ ಬರೆದೆ, ರ‍್ಯಾಂಕ್ ಎಲ್ಲೋ ಹಿಂದೆ ಹೋಯಿತು. ನನಗೆ ಕಂಪ್ಯೂಟರ್ ಸೈನ್ಸ್ ಓದಬೇಕು ಅಂತ ಆಸೆ. ಇನ್ನೊಂದು ವರ್ಷ ಓದು ಅಂತ ಅಪ್ಪನೇ ಹೇಳಿದರು. ಆದರೆ ಪಾಲಾಕ್ಕೋ ತೃಶ್ಶೂರಿಗೋ ಹೋಗಿ ಹಾಸ್ಟೆಲಿನಲ್ಲಿದ್ದು ಕೋಚಿಂಗ್ ತಗೊಳ್ಳುವಷ್ಟು ಹಣ ಇಲ್ಲ. ಮಹಾಳಿ (ಕೊಳೆರೋಗ) ಬಂದು ತೋಟದಲ್ಲಿ ಅಡಿಕೆ ಅರ್ಧಕ್ಕರ್ಧ ಉದುರಿದೆ. ಹಾಗಾಗಿ ಮನೆಯಲ್ಲೇ ಕೂತು ಓದುತ್ತಿದ್ದೇನೆ.

ಕಳೆದ ಭಾನುವಾರ ಹಳೆಯ ಪ್ರಶ್ನೆಪತ್ರಿಕೆಗಳಿಂದ ಗಣಿತದ 75 ಪ್ರಶ್ನೆ ತೆಗೆದುಕೊಂಡು, ಗಡಿಯಾರ ಎದುರಿಗಿಟ್ಟು 90 ನಿಮಿಷದಲ್ಲಿ ಮಾಡಿದೆ. 24 ಸರಿ, 37 ತಪ್ಪು, 14 ಬಿಟ್ಟದ್ದು. ಸರಿಗೆ 4, ತಪ್ಪಿಗೆ 1 ಕಳೆದರೆ 96ರಲ್ಲಿ 37 ಹೋಗಿ 59. ಗಣಿತ ಒಂದಕ್ಕೇ 300 ಅಂಕ ಇರುವಾಗ 59.

ಬೇಜಾರಾದದ್ದು ಯಾಕೆ ಅಂದರೆ, ಇದರಲ್ಲಿ ತುಂಬಾ ಲೆಕ್ಕ ನನಗೆ ಗೊತ್ತಿರುವುದೇ. ಒಂದು ಇಂಟಿಗ್ರಲ್ ಇತ್ತು. 0ಯಿಂದ ಪೈ/2ರ ತನಕ, ಮೇಲೆ ಸೈನ್ ಎಕ್ಸ್, ಕೆಳಗೆ ಸೈನ್ ಎಕ್ಸ್ + ಕಾಸ್ ಎಕ್ಸ್. ಪ್ಲಸ್ ಟು ಪರೀಕ್ಷೆಗೆ ಇದನ್ನೇ ಎಷ್ಟು ಸಲ ಮಾಡಿದ್ದೇನೋ. ಭಾನುವಾರವೂ ಪೂರ್ತಿ ಬರೆದು ಪೈ/4 ಅಂತ ಸರಿಯಾಗಿಯೇ ತೆಗೆದೆ. ಗಡಿಯಾರ ನೋಡಿದರೆ 4 ನಿಮಿಷ ಆಗಿತ್ತು.

ಇನ್ನೊಂದು ವಿಷಯ. ಪ್ಲಸ್ ಟುನಲ್ಲಿ ಪುಸ್ತಕ ಇಂಗ್ಲಿಷಿನಲ್ಲಿ, ಪಾಠ ಹೇಳುವುದು ಮಲಯಾಳದಲ್ಲಿ, ನಾನು ಮನಸ್ಸಿನಲ್ಲಿ ಲೆಕ್ಕ ಮಾಡುವುದು ಕನ್ನಡದಲ್ಲಿ. ಇದು ನಮ್ಮ ಕಾಸರಗೋಡು ಕಡೆಯ ಎಲ್ಲರಿಗೂ ಗೊತ್ತಿರುವ ಕಷ್ಟ. ಆದರೆ ಅಂಕ ಕಡಿಮೆ ಆದದ್ದು ಇದರಿಂದಲೋ, ನನ್ನ ಗಣಿತವೇ ಕಚ್ಚಾ ಇದೆಯೋ ಗೊತ್ತಾಗುತ್ತಿಲ್ಲ. ಯಾರಾದರೂ ದಾರಿ ಹೇಳಿ.

ಹೊಸಂಗಡಿ:

ತಪ್ಪೇ 37 ಇದೆಯಲ್ಲ ತಂಗಿ, ನೀವು ಕಣ್ಣುಮುಚ್ಚಿ ಜಾಸ್ತಿ ಹಾಕಿದ್ದೀರಿ. ಗೊತ್ತಿಲ್ಲದ್ದನ್ನು ಬಿಟ್ಟುಬಿಡಿ, ಅಷ್ಟರಲ್ಲೇ ಅಂಕ ಏರುತ್ತದೆ.

ಜೊತೆಗೆ ಕರ್ನಾಟಕದ ಸಿಇಟಿಗೂ ಅರ್ಜಿ ಹಾಕಿ. ನಮ್ಮಂಥ ಗಡಿನಾಡ ಕನ್ನಡಿಗರಿಗೆ ಅಲ್ಲಿ ಅವಕಾಶ ಇದೆ. ಕನ್ನಡ ಭಾಷಾ ಪರೀಕ್ಷೆ ಅಂತ 50 ಅಂಕದ್ದೊಂದು ಬರೆಯಬೇಕು. ಅದರಲ್ಲಿ 12 ಬಂದರೆ ಸಾಕು, ಕನ್ನಡ ಮೀಡಿಯಂನಲ್ಲಿ ಓದಿದ ನಿಮಗೆ ಅದೇನೂ ಕಷ್ಟವಲ್ಲ. ಅಲ್ಲಿ ಗಣಿತ 60 ಪ್ರಶ್ನೆ, 80 ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಅಲ್ಲಿ ಮಾತ್ರ ಒಂದನ್ನೂ ಬಿಡಬಾರದು. ನನ್ನ ತಮ್ಮ ಹೀಗೇ ಎರಡೂ ಬರೆದು ಈಗ ಮಂಗಳೂರಲ್ಲಿ ಓದುತ್ತಿದ್ದಾನೆ. ಮನೆಯಿಂದ ದಿನಾ ರೈಲಿನಲ್ಲಿ ಹೋಗಿಬರುತ್ತಾನೆ.

ಪೊವ್ವಲ್ ಎರಡನೇ ವರ್ಷ:

ತಂಗಿ, ನಾನೂ ಎರಡು ಸಲ ಕೀಂ ಬರೆದವಳು. ಈಗ ಪೊವ್ವಲಿನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿನಲ್ಲಿದ್ದೇನೆ. ಮೊದಲ ಸಲ ಕನ್ನಡಿ ನೋಡಿದ ಹಾಗೆ ನಿನ್ನದೇ ಕಥೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡ.

ಹೊಸಂಗಡಿ ಅಣ್ಣ ಹೇಳಿದ್ದು ಸರಿ ಇರಬಹುದು, ಇಲ್ಲದೆಯೂ ಇರಬಹುದು. ಎಣಿಸದೆ ಹೇಳಲು ಬರುವುದಿಲ್ಲ. ಕೀಂನಲ್ಲಿ ಪ್ರತಿ ಪ್ರಶ್ನೆಗೆ ಉತ್ತರ ಐದು ಕೊಡುತ್ತಾರೆ. ಏನೂ ಗೊತ್ತಿಲ್ಲದೆ ಐದು ಪ್ರಶ್ನೆಗೆ ಸುಮ್ನೆ ಹಾಕಿದರೆ ಸರಾಸರಿಗೆ ಒಂದು ಸರಿ, ನಾಲ್ಕು ತಪ್ಪು. 4 ಬಂತು, 4 ಹೋಯಿತು. ಲಾಭವೂ ಇಲ್ಲ, ನಷ್ಟವೂ ಇಲ್ಲ. ಐದರಲ್ಲಿ ಎರಡು ಉತ್ತರ ಖಂಡಿತ ಅಲ್ಲ ಅಂತ ಹೊಡೆದುಹಾಕಲು ಆದರೆ, ಉಳಿದ ಮೂರರಲ್ಲಿ ಒಂದು ಹಾಕುವುದು ಲಾಭವೇ. ಅಂಥ ಮೂರು ಪ್ರಶ್ನೆಗೆ ಸರಾಸರಿ 4 ಬಂದು 2 ಹೋಗುತ್ತದೆ. ಹಾಗಾಗಿ ಬರೀ ಊಹೆಯಿಂದಲೇ 59ಕ್ಕೆ ಬಿದ್ದೆ ಅಂತ ನನಗೆ ಅನ್ನಿಸುವುದಿಲ್ಲ.

ನೀನು ಒಂದು ಕೆಲಸ ಮಾಡು. ಆ 37 ತಪ್ಪನ್ನೂ ಒಂದೊಂದಾಗಿ, ಗಡಿಯಾರ ಇಲ್ಲದೆ, ಇನ್ನೊಮ್ಮೆ ಮಾಡು. ಪಕ್ಕದಲ್ಲಿ ಬರೆ: ಇದು ಯಾಕೆ ತಪ್ಪಿತು? ಊಹೆಯೋ, ಕೂಡಿ ಕಳೆಯುವಾಗ ಆದದ್ದೋ, ಪ್ರಶ್ನೆಯನ್ನೇ ತಪ್ಪು ಓದಿದ್ದೋ, ಅಥವಾ ನಿಜಕ್ಕೂ ಗೊತ್ತಿಲ್ಲದ್ದೋ. ಇದಕ್ಕೆ ಎರಡು ದಿನ ಹಿಡಿಯುತ್ತದೆ. ಹಿಡಿಯಲಿ. ಹೊಸ ಪ್ರಶ್ನೆಪತ್ರಿಕೆ ಮುಟ್ಟಬೇಡ. ನಾನು ಮೊದಲ ವರ್ಷ ದಿನಕ್ಕೊಂದು ಪತ್ರಿಕೆ ಮಾಡಿ ಅಂಕ ಮಾತ್ರ ನೋಡಿ ಮಡಚಿಡುತ್ತಿದ್ದೆ. ಮೂರು ತಿಂಗಳು ಒಂದೇ ತಪ್ಪು ಮಾಡಿದ್ದೇನೆ ಅಂತ ಗೊತ್ತೇ ಆಗಲಿಲ್ಲ.

ನಿನ್ನ ಇಂಟಿಗ್ರಲ್‌ಗೆ ಬರುತ್ತೇನೆ. ಪ್ಲಸ್ ಟು ಪರೀಕ್ಷೆಯಲ್ಲಿ ಹೆಜ್ಜೆ ಹೆಜ್ಜೆಗೂ ಅಂಕ, ಅದಕ್ಕೆ ನಾವು ಪೂರ್ತಿ ಬರೆದು ಕಲಿತಿದ್ದೇವೆ. ಇಲ್ಲಿ ಹೆಜ್ಜೆಯನ್ನು ಯಾರೂ ನೋಡುವುದಿಲ್ಲ. ಎಕ್ಸ್ ಇರುವಲ್ಲಿ ಪೈ/2 − ಎಕ್ಸ್ ಹಾಕು. ಸೈನ್ ಹೋಗಿ ಕಾಸ್ ಆಗುತ್ತದೆ, ಕಾಸ್ ಹೋಗಿ ಸೈನ್. ಕೆಳಗಿನದ್ದು ಹಾಗೇ ಇರುತ್ತದೆ. ಹಳೆಯದು, ಹೊಸದು ಎರಡನ್ನೂ ಕೂಡಿಸಿದರೆ 1. ಅಂದರೆ ಉತ್ತರ, ಎರಡು ತುದಿಗಳ ನಡುವಿನ ಉದ್ದದ ಅರ್ಧ. ಪೈ/2ರ ಅರ್ಧ ಪೈ/4. ಸೈನ್ ಜಾಗದಲ್ಲಿ ಸೈನಿನ ವರ್ಗಮೂಲ ಇರಲಿ, ಸೈನಿನ ಐದನೇ ಘಾತ ಇರಲಿ, ಕಾಸಿಗೂ ಅದನ್ನೇ ಹಾಕಿದ್ದರೆ ಉತ್ತರ ಬದಲಾಗುವುದಿಲ್ಲ. ಒಮ್ಮೆ ಇದು ಕಣ್ಣಿಗೆ ಬಿದ್ದರೆ ಪೆನ್ನು ಎತ್ತುವುದೇ ಬೇಡ. ಪ್ರತಿ ಅಧ್ಯಾಯದಲ್ಲೂ ಇಂಥವು ನಾಲ್ಕೈದು ಇರುತ್ತವೆ. ಅವನ್ನು ಹುಡುಕಿ ಒಂದು ಪುಸ್ತಕದಲ್ಲಿ ಬರೆದಿಡು. ಸೂತ್ರ ಮಾತ್ರ ಬರೆಯಬೇಡ, ಆ ಪ್ರಶ್ನೆ ನೋಡಲು ಹೇಗಿರುತ್ತದೆ ಅನ್ನುವುದನ್ನೂ ಬರೆ.

ಮತ್ತೆ, 90 ನಿಮಿಷ ಅಂತ ಯಾಕೆ ಇಟ್ಟುಕೊಂಡೆ? 150 ಪ್ರಶ್ನೆಗೆ 180 ನಿಮಿಷ, ಅರ್ಧ ಗಣಿತ ಅಂತ ಲೆಕ್ಕ ಹಾಕಿರಬೇಕು. ಆದರೆ ಕೆಮಿಸ್ಟ್ರಿಯ 30ಕ್ಕೆ ಅಷ್ಟು ಹೊತ್ತು ಬೇಡ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ನಾನು ಅದನ್ನು 25 ನಿಮಿಷದಲ್ಲಿ, ಫಿಸಿಕ್ಸಿನ 45ನ್ನು 50 ನಿಮಿಷದಲ್ಲಿ ಮುಗಿಸುವ ಅಭ್ಯಾಸ ಮಾಡಿಕೊಂಡೆ. ಗಣಿತಕ್ಕೆ 105 ನಿಮಿಷ ಉಳಿಯಿತು. ಪ್ರಶ್ನೆಗೆ 72 ಸೆಕೆಂಡ್ ಇದ್ದದ್ದು 84 ಆಯಿತು. 12 ಸೆಕೆಂಡ್ ಕಮ್ಮಿ ಅಂತ ಕಾಣಬಹುದು, ಪರೀಕ್ಷೆಯಲ್ಲಿ ಕೂತಾಗ ಅದು ತುಂಬಾ ದೊಡ್ಡದು.

2023ರ ತನಕದ ಪತ್ರಿಕೆಗಳಲ್ಲಿ ಗಣಿತವೇ ಬೇರೆ ಪೇಪರ್, 120 ಪ್ರಶ್ನೆ, ಎರಡೂವರೆ ಗಂಟೆ. 2024ರಿಂದ ಕಂಪ್ಯೂಟರ್ ಪರೀಕ್ಷೆ. ಹಳೆಯ ಪ್ರಶ್ನೆಗಳು ಅಭ್ಯಾಸಕ್ಕೆ ಚೆನ್ನಾಗಿಯೇ ಇವೆ, ಆದರೆ 75 ಆರಿಸುವಾಗ ಪ್ಲಸ್ ವನ್‌ನದ್ದನ್ನು ಬಿಡಬೇಡ. ನಾನು ಬಿಟ್ಟಿದ್ದೆ.

ಬದಿಯಡ್ಕದ ಹುಡುಗಿ:

ಅಕ್ಕಾ, ನೀವು ಹೇಳಿದ ಹಾಗೇ ಮಾಡಿದೆ. ಎರಡಲ್ಲ, ಮೂರು ದಿನ ಹಿಡಿಯಿತು. ನಡುವೆ ಒಂದು ರಾತ್ರಿ ಗಾಳಿಮಳೆಗೆ ಕರೆಂಟ್ ಹೋಗಿ ಓದಲು ಆಗಲಿಲ್ಲ.

37ರಲ್ಲಿ ಊಹೆ 11. ಲೆಕ್ಕ ಮಾಡುವಾಗ ತಪ್ಪಿದ್ದು 9. ಪ್ರಶ್ನೆ ತಪ್ಪು ಓದಿದ್ದು 8. ನಿಜವಾಗಿ ಗೊತ್ತಿಲ್ಲದ್ದು, ಅಂದರೆ ಏನೋ ಮಾಡಲು ಹೋಗಿ ತಪ್ಪಿದ್ದು 9. ಸರಿಯಾದ 24ರಲ್ಲೂ 2 ಊಹೆಯಲ್ಲಿ ಬಂದದ್ದು.

ಲೆಕ್ಕ ತಪ್ಪಿದ 9ರಲ್ಲಿ 5 ಬರೀ ಮೈನಸ್ ಚಿಹ್ನೆ. ಡಿಟರ್ಮಿನೆಂಟ್ ಬಿಡಿಸುವಾಗ ನಡುವಿನದ್ದಕ್ಕೆ ಮೈನಸ್ ಹಾಕಲು ಎರಡು ಸಲ ಮರೆತಿದ್ದೇನೆ. ಓದಿದ್ದರಲ್ಲಿ ಆದ ತಪ್ಪು ನೋಡಿ ಅಳುವೇ ಬಂತು. ಐದು ನಾಣ್ಯ ಚಿಮ್ಮಿದರೆ 'ಅಟ್ ಮೋಸ್ಟ್' ಒಂದು ಹೆಡ್ ಬರುವ ಸಂಭವ ಎಷ್ಟು ಅಂತ ಕೇಳಿದ್ದರು. ನಾನು 'ಅಟ್ ಲೀಸ್ಟ್' ಅಂತ ಓದಿ 31/32 ಹಾಕಿದೆ. ಆ ಉತ್ತರವೂ ಐದರಲ್ಲಿ ಇತ್ತು! ಸರಿ ಉತ್ತರ 3/16.

ಪೆರ್ಲದ ಮಾಷ್ಟ್ರು:

ಮಗಳೇ, ನಾನು ಮೂವತ್ತು ವರ್ಷ ಕನ್ನಡ ಮೀಡಿಯಂ ಮಕ್ಕಳಿಗೆ ಗಣಿತ ಹೇಳಿಕೊಟ್ಟವನು, ಈಗ ನಿವೃತ್ತ. ನಿನ್ನ ಲೆಕ್ಕ ಓದಿ ಬರೆಯಬೇಕು ಅನ್ನಿಸಿತು. ಗಣಿತ ಕಚ್ಚಾ ಇರುವವರು ತಪ್ಪನ್ನು ಹೀಗೆ ಬೇರೆ ಬೇರೆ ಮಾಡಿ ಇಡಲಾರರು.

ಉತ್ತರಗಳಲ್ಲಿ 31/32 ಇದ್ದದ್ದು ಆಕಸ್ಮಿಕ ಅಲ್ಲ. ಪ್ರಶ್ನೆ ತೆಗೆಯುವವರು ಮಕ್ಕಳು ಎಲ್ಲಿ ಜಾರುತ್ತಾರೆ ಅಂತ ನೋಡಿಯೇ ಉಳಿದ ಉತ್ತರಗಳನ್ನು ಇಡುತ್ತಾರೆ. ಹಾಗಾಗಿ 'ನನ್ನ ಉತ್ತರ ಅಲ್ಲಿದೆ, ಆದ್ದರಿಂದ ಸರಿ' ಅಂತ ತಿಳಿಯಬೇಡ.

ನಮ್ಮ ಮಕ್ಕಳಿಗೆ ದೊಡ್ಡ ಶಬ್ದ ಕಷ್ಟವಲ್ಲ. ಟ್ಯಾಂಜೆಂಟ್ ಅಂದರೆ ಸ್ಪರ್ಶಕ, ಕಾರ್ಡ್ ಅಂದರೆ ಜ್ಯಾ, ಪ್ರೈಮ್ ಅಂದರೆ ಅವಿಭಾಜ್ಯ ಸಂಖ್ಯೆ. ಇದೆಲ್ಲ ಒಂದು ವಾರದಲ್ಲಿ ಬಾಯಿಗೆ ಬರುತ್ತದೆ. ಜಾರುವುದು ಸಣ್ಣ ಶಬ್ದಗಳಲ್ಲಿ. ಅಟ್ ಲೀಸ್ಟ್ ಅಂದರೆ ಕಡಿಮೆ ಅಂದರೂ ಇಷ್ಟು. ಅಟ್ ಮೋಸ್ಟ್ ಅಂದರೆ ಹೆಚ್ಚೆಂದರೆ ಇಷ್ಟು. ಪಾಸಿಟಿವ್ ಅಂದರೆ ಸೊನ್ನೆ ಸೇರದು, ನಾನ್-ನೆಗೆಟಿವ್ ಅಂದರೆ ಸೇರುತ್ತದೆ. ಎಕ್ಸ್ + ವೈ = 5 ಆಗುವಂತೆ ಎಷ್ಟು ಜೋಡಿ ಪೂರ್ಣಾಂಕ ಇವೆ ಅಂತ ಕೇಳಿದರೆ, ಪಾಸಿಟಿವ್ ಆದರೆ 4, ನಾನ್-ನೆಗೆಟಿವ್ ಆದರೆ 6. ಎರಡೂ ಉತ್ತರ ಪತ್ರಿಕೆಯಲ್ಲಿ ಇರುತ್ತವೆ. ಡಿಸ್ಟಿಂಕ್ಟ್, ಕನ್ಸೆಕ್ಯುಟಿವ್, ನಾಟ್ ಲೆಸ್ ದ್ಯಾನ್ ಇವಕ್ಕೂ ಹೀಗೇ ನಿನ್ನ ಮಾತಿನಲ್ಲಿ ಅರ್ಥ ಬರೆದುಕೋ. ಪ್ರಶ್ನೆ ಓದಿದ ಕೂಡಲೇ, ಲೆಕ್ಕ ಶುರು ಮಾಡುವ ಮೊದಲು, ಕಚ್ಚಾ ಹಾಳೆಯಲ್ಲಿ ಒಂದೇ ಒಂದು ಕನ್ನಡ ಶಬ್ದ ಬರೆ: 'ಹೆಚ್ಚೆಂದರೆ 1'. ಕಂಪ್ಯೂಟರಿನ ಪರದೆ ಮೇಲೆ ಅಡಿಗೆರೆ ಹಾಕಲು ಆಗುವುದಿಲ್ಲ ನೋಡು. ಕನ್ನಡದಲ್ಲಿ ಯೋಚಿಸುವುದನ್ನು ಬಿಡಲೇಬೇಡ, ಅದು ನಿನಗೆ ಅಡ್ಡಿ ಅಲ್ಲ.

ಮೈನಸ್‌ಗೆ ಮದ್ದು ಬೇರೆ. ಹಾಳೆಯನ್ನು ಮಡಚಿ ಎಂಟು ಮನೆ ಮಾಡು. ಒಂದು ಮನೆಗೆ ಒಂದೇ ಪ್ರಶ್ನೆ, ಮೂಲೆಯಲ್ಲಿ ನಂಬರು. ಡಿಟರ್ಮಿನೆಂಟ್ ಬಂದರೆ ಅಂಕಿ ಬರೆಯುವ ಮೊದಲೇ + − + ಅಂತ ಮೂರು ಚಿಹ್ನೆ ದೂರ ದೂರ ಬರೆದಿಡು, ಆಮೇಲೆ ಅವುಗಳ ಮುಂದೆ ಅಂಕಿ ತುಂಬಿಸು. ಕಳೆಯುವ ಕಡೆ ಕಂಸ ಹಾಕದೆ ಮುಂದೆ ಹೋಗಬೇಡ. ನಿನ್ನ ಹಾಳೆ ನಾನು ನೋಡಿಲ್ಲ, ಆದರೂ ಊಹಿಸಬಲ್ಲೆ: ಎಲ್ಲ ಲೆಕ್ಕ ಒಂದರ ಮೇಲೊಂದು, ಓರೆಯಾಗಿ, ಜಾಗ ಸಿಕ್ಕಿದಲ್ಲಿ. ಹೌದಲ್ವಾ?

ಗುಣಾಕಾರ ದೊಡ್ಡದಿದ್ದು ಐದು ಉತ್ತರಗಳ ಕೊನೆಯ ಅಂಕಿ ಬೇರೆ ಬೇರೆ ಇದ್ದರೆ ಪೂರ್ತಿ ಗುಣಿಸಬೇಡ. 17 ಗುಣಿಸು 23 ಅಂದರೆ 7 ಗುಣಿಸು 3 ಅಂದರೆ 21, ಕೊನೆಗೆ 1 ಇರುವ ಉತ್ತರ ನೋಡಿದರಾಯಿತು.

ಪೊವ್ವಲ್ ಎರಡನೇ ವರ್ಷ:

ಮಾಷ್ಟ್ರು ಹೇಳಿದ ಮೇಲೆ ನಾನು ಅಂಕದ ಲೆಕ್ಕ ಮಾತ್ರ ಹೇಳುತ್ತೇನೆ. ತಂಗಿ, ನಿನ್ನ ಊಹೆ ಒಟ್ಟು 13. 2 ಸರಿಯಿಂದ 8 ಬಂತು, 11 ತಪ್ಪಿಂದ 11 ಹೋಯಿತು. ನಷ್ಟ 3 ಅಂಕ, ಅಷ್ಟೇ. ಊಹೆಯನ್ನು ಪೂರ್ತಿ ನಿಲ್ಲಿಸಿದ್ದರೆ 59ರ ಜಾಗದಲ್ಲಿ 62 ಬರುತ್ತಿತ್ತು.

ಕೈತಪ್ಪಿನ 9, ತಪ್ಪು ಓದಿದ 8, ಇವೆರಡು ಸೇರಿ 17. ಒಂದೊಂದಕ್ಕೂ ಬರಬೇಕಾದ 4 ಬರಲಿಲ್ಲ, ಮೇಲೆ 1 ಹೋಯಿತು. ಐದೈದರಂತೆ 85 ಅಂಕ. 59ಕ್ಕೆ 85 ಸೇರಿಸು, 144. ಹೊಸದಾಗಿ ಒಂದು ಪಾಠವನ್ನೂ ಓದದೆ ಸಿಗುವ ಅಂಕ ಅದು. ಗೊತ್ತಿಲ್ಲದ 9, ಬಿಟ್ಟ 14 ಯಾವ ಪಾಠದ್ದು ಅಂತ ಆಮೇಲೆ ನೋಡೋಣ. ಮ್ಯಾಟ್ರಿಕ್ಸ್, ವೆಕ್ಟರ್, 3ಡಿ ಅದರಲ್ಲಿದ್ದರೆ ಅವನ್ನು ಮೊದಲು ಹಿಡಿ, ಸೂತ್ರ ಗಟ್ಟಿ ಇದ್ದರೆ ಎರಡು ಸಾಲಿನಲ್ಲಿ ಮುಗಿಯುತ್ತವೆ.

ಹೊಸಂಗಡಿ:

ನಾನು ಎಣಿಸದೆ ಹೇಳಿಬಿಟ್ಟೆ ತಂಗಿ, ಕ್ಷಮಿಸಿ. ಸಿಇಟಿ ಅರ್ಜಿಯ ಮಾತು ಮಾತ್ರ ಮರೆಯಬೇಡಿ. ದಾಖಲೆ ಪತ್ರ ಮಾಡಿಸಲು ಓಡಾಟ ಇದೆ, ಈಗಲೇ ಶುರು ಮಾಡಿದರೆ ಒಳ್ಳೆಯದು.

ಬದಿಯಡ್ಕದ ಹುಡುಗಿ:

ಮಾಷ್ಟ್ರೇ, ಹೌದು, ನನ್ನ ಹಾಳೆ ನೀವು ಹೇಳಿದ ಹಾಗೇ ಇತ್ತು. ಅಮ್ಮನಿಗೆ ತೋರಿಸಿದೆ, ಅವರೂ ಹೌದು ಅಂದರು.

ಇವತ್ತು 25 ಪ್ರಶ್ನೆ, 35 ನಿಮಿಷ. ಹಾಳೆ ಮಡಚಿ ಮನೆ ಮಾಡಿ, ಪ್ರತಿ ಪ್ರಶ್ನೆಗೂ ಕನ್ನಡ ಶಬ್ದ ಬರೆದು ಮಾಡಿದೆ. 13 ಸರಿ, 5 ತಪ್ಪು, 7 ಬಿಟ್ಟೆ. 100ಕ್ಕೆ 47. ಮೈನಸ್ ತಪ್ಪು ಒಂದೂ ಇಲ್ಲ. 5 ತಪ್ಪಿನಲ್ಲಿ 3 ಕೋನಿಕ್ ಸೆಕ್ಷನ್, ಬಿಟ್ಟ 7ರಲ್ಲೂ 4 ಅದೇ. ಪ್ಲಸ್ ವನ್‌ನಲ್ಲಿ ಆ ಪಾಠ ನಡೆಯುವಾಗ ನನಗೆ ಟೈಫಾಯ್ಡ್ ಆಗಿತ್ತು, ಎರಡು ವಾರ ಕ್ಲಾಸಿಗೆ ಹೋಗಿರಲಿಲ್ಲ. ಪುಸ್ತಕದಿಂದ ಓದಿದರೆ ಪ್ಯಾರಾಬೋಲ ತನಕ ಅರ್ಥ ಆಗುತ್ತದೆ. ಎಲಿಪ್ಸಿನಲ್ಲಿ ಫೋಕಸ್ ಯಾವ ಕಡೆ ಬರುತ್ತದೆ ಅನ್ನುವುದು ಪ್ರತಿ ಸಲವೂ ಗೊಂದಲ.

ಪೆರ್ಲದ ಮಾಷ್ಟ್ರು:

ಎಕ್ಸ್‌ನ ವರ್ಗದ ಕೆಳಗೆ ಒಂದು ಸಂಖ್ಯೆ, ವೈಯ ವರ್ಗದ ಕೆಳಗೆ ಇನ್ನೊಂದು. ದೊಡ್ಡದು ಯಾವುದರ ಕೆಳಗೆ ಇದೆಯೋ ಎಲಿಪ್ಸ್ ಆ ಕಡೆಗೆ ಉದ್ದ. ಫೋಕಸ್ ಎರಡೂ ಆ ಉದ್ದದ ಮೇಲೇ ಇರುತ್ತವೆ. ದೊಡ್ಡದರಿಂದ ಚಿಕ್ಕದನ್ನು ಕಳೆದು ವರ್ಗಮೂಲ ತೆಗೆದರೆ ನಡುವಿನಿಂದ ಎಷ್ಟು ದೂರ ಅಂತ ಸಿಕ್ಕಿತು. 25 ಮತ್ತು 9 ಇದ್ದರೆ 16, ಅದರ ಮೂಲ 4. 25 ಎಕ್ಸ್ ಕೆಳಗಿದ್ದರೆ ಎಡಕ್ಕೆ 4, ಬಲಕ್ಕೆ 4. ವೈ ಕೆಳಗಿದ್ದರೆ ಮೇಲೆ 4, ಕೆಳಗೆ 4. ಎರಡು ಮೊಳೆ, ಒಂದು ದಾರ ತೆಗೆದುಕೊಂಡು ಹಲಗೆಯ ಮೇಲೆ ಒಮ್ಮೆ ಎಳೆದು ನೋಡು. ಮೊಳೆ ಇದ್ದಲ್ಲಿ ಫೋಕಸ್. ಕೋನಿಕ್ ಸೆಕ್ಷನ್ನಿನ ಆ 7 ಪ್ರಶ್ನೆಗಳನ್ನು ಇಲ್ಲೇ ಬರೆದು ಹಾಕು ಮಗಳೇ, ಸಂಜೆ ಒಂದೊಂದಾಗಿ ನೋಡೋಣ.