ಕಂಪನಿ ಸರಿಯಿಲ್ಲ, ಆಂಪ್ ಮಾತ್ರ ಗಟ್ಟಿ. ಮತ್ತೆ ಅದನ್ನೇ ತಗೊಳ್ಳಬಹುದಾ?

ಮೈಕ್‌ಸೆಟ್ ದಾವಣಗೆರೆ:
ದುಗ್ಗಮ್ಮನ ಜಾತ್ರೆಯಲ್ಲಿ ರಾತ್ರಿಯಿಡೀ ಓಡಿದರೂ ನಮ್ಮ ಆಂಪ್ಲಿಫೈಯರ್ ಕೈ ಕೊಟ್ಟಿಲ್ಲ. ವೋಲ್ಟೇಜ್ ಕುಣಿದರೂ ಗುಂಯ್ ಅನ್ನುವುದಿಲ್ಲ. ಆದರೆ ಪವರ್ ಸಪ್ಲೈ ಬೋರ್ಡ್ ಬೇಕು ಅಂತ ಕಂಪನಿಗೆ ಮೇಲ್ ಹಾಕಿದರೆ ಉತ್ತರವೇ ಇಲ್ಲ. ಇನ್ನೊಂದು ಆಂಪ್ ಬೇಕಾಗಿದೆ. ಅವರನ್ನೇ ನಂಬಬಹುದಾ?

ಮಂಡಿಪೇಟೆ ರಿಪೇರಿ:
ಮುಚ್ಚಳ ಬಿಚ್ಚಿ ನೋಡಿ ಅಣ್ಣ. ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ಭಾಗ) ದಪ್ಪ ಇದೆಯಾ, ಕೆಪಾಸಿಟರ್ (ಕರೆಂಟ್ ಕೂಡಿಡುವ ಡಬ್ಬಿ) ಮೇಲೆ ತಾಳುವ ಬಿಸಿ 105 ಡಿಗ್ರಿ ಅಂತ ಇದೆಯಾ, ಅದು ಹೀಟ್‌ಸಿಂಕ್‌ನಿಂದ ದೂರ ಕೂತಿದೆಯಾ ನೋಡಿ, ಯಾಕಂದರೆ ಬಿಸಿಗೆ ಮೊದಲು ಒಣಗುವುದು ಅದೇ. 85 ಡಿಗ್ರಿಯದ್ದು ಹಾಕಿದ್ದರೆ ಕಾಸು ಉಳಿಯುತ್ತಿತ್ತು. 105 ಇದ್ದರೆ ಯಾರೋ ಎಂಜಿನಿಯರ್ ಹಟ ಹಿಡಿದಿರಬೇಕು. ಮೇಲ್ ನೋಡದವರು ಬೇರೆ, ಬೋರ್ಡ್ ಮಾಡಿದವರು ಬೇರೆ, ಅಲ್ವಾ?

ಕೋಟೆ ಹುಡುಗ, ದುರ್ಗ:
ಕಂಪನಿ ಕೈಬಿಟ್ಟರೂ ಗಟ್ಟಿ ಸಾಮಾನು ಉಳಿಯುತ್ತದೆ. ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸುವ ಯಂತ್ರ) 1972ರಲ್ಲಿ ಬಂತು. ಬೆಲ್ಟ್ ಇಲ್ಲ, ಮೋಟಾರೇ ನೇರವಾಗಿ ತಟ್ಟೆ ತಿರುಗಿಸುತ್ತದೆ. 2010ರಲ್ಲಿ ಅದರ ಕಂಪನಿ ಪ್ಯಾನಸೋನಿಕ್ ತಯಾರಿಕೆ ನಿಲ್ಲಿಸಿಬಿಟ್ಟಿತು. ಡಿಜೆಗಳು ಬಿಡಲಿಲ್ಲ, ಹಳೆಯವನ್ನೇ ಓಡಿಸಿದರು. 2016ರಲ್ಲಿ ಕಂಪನಿಯೇ ಮತ್ತೆ ತಂದಿತು.

ಸೌಂಡ್ ಹರಿಹರ:
ಎಂಜಿನಿಯರ್ ದೇವರಂಥವನೇ ಇರಲಿ, ಜಾತ್ರೆ ರಾತ್ರಿ ಬೋರ್ಡ್ ಸುಟ್ಟರೆ ಅವನು ಬರುತ್ತಾನಾ? ಸುಮ್ನೆ ಹೆಸರು ನೋಡಬೇಡಿ. ಸರ್ಕ್ಯೂಟ್ ಡಯಾಗ್ರಾಂ ಸಿಗುವ, ಟ್ರಾನ್ಸಿಸ್ಟರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾದರೂ ಸಿಗುವ ಮಾಡೆಲ್ ತಗೊಳ್ಳಿ.

ಮೈಕ್‌ಸೆಟ್ ದಾವಣಗೆರೆ:
ಸರಿ, ಬಿಚ್ಚಿ ಫೋಟೋ ಹಾಕುತ್ತೇನೆ. ವಾರಂಟಿ ಹೇಗೂ ಮುಗಿದಿದೆ.