ಕಿವಿ ಮೂಳೆ ಜೋಡಿಸಿ 11 ವಾರ: ಇನ್ನೂ 19 ಡೆಸಿಬೆಲ್ ಗ್ಯಾಪ್ ಇದೆ, ಇದನ್ನು ಯಶಸ್ಸು ಅನ್ನಬಹುದಾ?

ತೀರ್ಥಹಳ್ಳಿ_ತೋಟ:
ತಮ್ಮನಿಗೆ 34 ವರ್ಷ, ಅಡಿಕೆ ಕೊನೆ ತೆಗೆಯುವ ಕೆಲಸ. ವರ್ಷಗಟ್ಟಲೆ ಸೋರಿದ್ದರಿಂದ ಬಲಗಿವಿಯ ಅಡಿಗಲ್ಲು ಮೂಳೆಯ (ನಡುಗಿವಿಯ ಮೂರು ಪುಟ್ಟ ಮೂಳೆಗಳಲ್ಲಿ ನಡುವಿನದು) ಉದ್ದ ಕಾಲು ಸವೆದುಹೋಗಿತ್ತು. ತಮಟೆ (ಕಿವಿಯ ಪರದೆ) ರಿಪೇರಿಯ ಜೊತೆಗೇ ಟೈಟಾನಿಯಂ ಪೋರ್ಪ್ (ಹೋದ ಮೂಳೆಯ ಜಾಗಕ್ಕೆ ಹಾಕುವ ಬದಲಿ ಕೊಂಡಿ) ಕೂರಿಸಿ, ಮೇಲೆ ಮೃದ್ವಸ್ಥಿಯ ತುಂಡು ಇಟ್ಟಿದ್ದಾರೆ. ರಿಕಾಪು ಮೂಳೆ (ಒಳಗಿವಿಗೆ ತಾಗುವ ಕೊನೆಯ ಮೂಳೆ) ಪೂರ್ತಿ ಇದೆ, ಅಲುಗಾಡುತ್ತದೆ ಎಂದು ಡಿಸ್ಚಾರ್ಜ್ ಶೀಟಿನಲ್ಲಿದೆ.

500, 1000, 2000, 4000 ಹರ್ಟ್ಸ್‌ನಲ್ಲಿ ಬಲಗಿವಿಗೆ ಕೇಳಿಸಿದ ಅತಿ ಸಣ್ಣ ಶಬ್ದ, ಡೆಸಿಬೆಲ್‌ನಲ್ಲಿ (ಸಂಖ್ಯೆ ಕಡಿಮೆಯಿದ್ದಷ್ಟೂ ಒಳ್ಳೆಯದು; ಏರ್ ಎಂದರೆ ಹೆಡ್‌ಫೋನಿನಿಂದ, ಬೋನ್ ಎಂದರೆ ತಲೆಯ ಮೂಳೆ ಅದುರಿಸಿ ನೇರ ಒಳಗಿವಿಗೆ, ಗ್ಯಾಪ್ ಎಂದರೆ ಇವೆರಡರ ಅಂತರ):
ಮೊದಲು ಏರ್ 60, 55, 45, 60
ಈಗ ಏರ್ 30, 30, 25, 45
ಬೋನ್ ಆಗಲೂ ಈಗಲೂ 10, 10, 15, 20
ಎಡಗಿವಿ ಏರ್ 15, 15, 20, 20

ಗ್ಯಾಪ್ ಪೂರ್ತಿ ಮುಚ್ಚಲಿಲ್ಲವಲ್ಲ, ಇನ್ನೊಂದು ಆಪರೇಷನ್ ಬೇಕಾದೀತಾ? ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತಬಹುದಾ?

ಶ್ರವಣ_ಸಾಗರ:
ಮೊದಲು ಬೋನ್ ಸಾಲು ನೋಡಿ. ಅದು ಕದಲಿಲ್ಲ, ಅಂದರೆ ಒಳಗಿವಿಗೆ ಪೆಟ್ಟಾಗಿಲ್ಲ. ಈ ವರದಿಯಲ್ಲಿ ಅತಿ ಮುಖ್ಯವಾದದ್ದು ಇದೇ. ಗ್ಯಾಪ್ ಒಂದನ್ನೇ ನೋಡುವವರು ಇಲ್ಲಿ ಮೋಸ ಹೋಗುತ್ತಾರೆ: ಆಪರೇಷನ್ನಿನಲ್ಲಿ ಬೋನ್ 15 ಡೆಸಿಬೆಲ್ ಕೆಟ್ಟರೆ (ಸಂಖ್ಯೆ ಏರಿದರೆ), ಏರ್ ಒಂದಿಷ್ಟೂ ಸುಧಾರಿಸದೆ ಗ್ಯಾಪ್ 15 ಡೆಸಿಬೆಲ್ ಕಡಿಮೆಯಾಗಿ ಕಾಣುತ್ತದೆ. ಕಾಗದದಲ್ಲಿ ಯಶಸ್ಸು, ಕಿವಿಗೆ ನಷ್ಟ.

ಲೆಕ್ಕ ಹಾಕಿದರೆ ಏರ್ ಸರಾಸರಿ 55ರಿಂದ 32.5ಕ್ಕೆ ಬಂದಿದೆ, ಬೋನ್ 13.75. ಗ್ಯಾಪ್ 41ರಿಂದ 19ಕ್ಕೆ ಇಳಿದಿದೆ. ಪೋರ್ಪ್ ಕೂರಿಸಿದ ಮೇಲೆ 20 ಅಥವಾ ಅದಕ್ಕಿಂತ ಕಡಿಮೆ ಉಳಿದರೆ ಯಶಸ್ಸು ಎಂದೇ ಎಣಿಸುವ ರೂಢಿ. 4000 ಬಿಟ್ಟು ಉಳಿದ ಮೂರರಲ್ಲೇ ಲೆಕ್ಕ ಹಾಕಿದರೆ 17 ಬರುತ್ತದೆ. ಹಾಗಾಗಿ ಬೇರೆಯವರ ಫಲಿತಾಂಶದ ಜೊತೆ ಹೋಲಿಸುವ ಮುಂಚೆ ಯಾವ ಆವರ್ತನಗಳ ಸರಾಸರಿ ಎಂದು ಕೇಳಿ.

ಇನ್ನೊಂದು ಅಳತೆ ಎರಡೂ ಕಿವಿ ಸೇರಿಸಿ ನೋಡುವುದು. ಆಪರೇಷನ್ ಆದ ಕಿವಿ 30 ಡೆಸಿಬೆಲ್‌ಗೆ ಬಂದರೆ ಅಥವಾ ಇನ್ನೊಂದು ಕಿವಿಗಿಂತ 15ರೊಳಗೆ ಬಂದರೆ ರೋಗಿಗೆ ದಿನನಿತ್ಯದಲ್ಲಿ ಲಾಭ ಗೊತ್ತಾಗುತ್ತದೆ. ನಿಮ್ಮ ತಮ್ಮನ ಎಡಗಿವಿ 17.5, ಬಲಗಿವಿ 32.5, ವ್ಯತ್ಯಾಸ ಸರಿಯಾಗಿ 15. ಗಡಿಯ ಮೇಲೆಯೇ ಇದ್ದಾರೆ. ಬಲಗಡೆಯಿಂದ ಕರೆದರೆ ತಿರುಗುತ್ತಾರಾ ನೋಡಿ.

ವರದಿಯ ಗ್ರಾಫಿನಲ್ಲಿ ಬೋನ್ ಗುರುತುಗಳನ್ನೂ ನೋಡಿಕೊಳ್ಳಿ. ಬಲಗಿವಿಗೆ ಚೌಕಾವರಣ ([) ಇದ್ದರೆ ಮಾಸ್ಕಿಂಗ್ ಮಾಡಿದ್ದಾರೆ, ಅಂದರೆ ಎಡಗಿವಿ ಕೇಳಿಸಿಕೊಳ್ಳದ ಹಾಗೆ ಅದಕ್ಕೆ ಗದ್ದಲ ಹಾಕಿದ್ದಾರೆ. ಕೋನಾವರಣ (<) ಇದ್ದರೆ ಮಾಡಿಲ್ಲ, ಎಡಗಿವಿ ಕೇಳಿಸಿಕೊಂಡದ್ದೇ ಬಲಗಿವಿಯ ಬೋನ್ ಎಂದು ದಾಖಲಾಗಿರಬಹುದು. ಆಗ ಮೇಲಿನ ನನ್ನ ಮಾತೆಲ್ಲ ಬಿಟ್ಟು ಮಾಸ್ಕಿಂಗ್ ಹಾಕಿ ಮತ್ತೆ ಪರೀಕ್ಷೆ ಮಾಡಿಸಬೇಕು.

ತೀರ್ಥಹಳ್ಳಿ_ತೋಟ:
ಚೌಕಾವರಣವೇ ಇದೆ ಮೇಡಂ. ಆದರೆ 4000ದಲ್ಲಿ ಮಾತ್ರ 25 ಗ್ಯಾಪ್ ಯಾಕೆ?

ಮಧ್ಯಕರ್ಣ:
ತೂಕ ಮತ್ತು ದಪ್ಪ. ಭಾರ ಹೆಚ್ಚಾದಷ್ಟೂ ಮೇಲಿನ ಆವರ್ತನ ಕಷ್ಟ. ಟೈಟಾನಿಯಂ ಹಗುರ, ಅದರ ಮೇಲಿನ ಮೃದ್ವಸ್ಥಿ ಹಗುರವಲ್ಲ. ಹಾಗಂತ ಅದನ್ನು ಬಿಡುವ ಹಾಗಿಲ್ಲ, ಲೋಹ ನೇರವಾಗಿ ತಮಟೆಗೆ ತಾಗಿದರೆ ಕ್ರಮೇಣ ತಮಟೆ ಸವೆದು ಪೋರ್ಪ್ ಹೊರಗೆ ಬರಬಹುದು. 4000ದಲ್ಲಿ ಸ್ವಲ್ಪ ಬಿಟ್ಟುಕೊಟ್ಟು ಹತ್ತು ವರ್ಷದ ಬಾಳಿಕೆ ಪಡೆಯುವುದು ಒಳ್ಳೆಯ ವ್ಯಾಪಾರ ಎಂದೇ ನನ್ನ ಅಭಿಪ್ರಾಯ.

ರಿಕಾಪು ಮೂಳೆ ಉಳಿದದ್ದು ದೊಡ್ಡ ಅನುಕೂಲ. ಪೋರ್ಪ್ ಅದರ ತಲೆಯ ಮೇಲೆ ಟೊಪ್ಪಿಯಂತೆ ಕೂರುತ್ತದೆ. ರಿಕಾಪಿನ ಕಮಾನೂ ಹೋಗಿದ್ದರೆ ಟೋರ್ಪ್ (ಇನ್ನೂ ಉದ್ದದ ಬದಲಿ ಕೊಂಡಿ) ಬೇಕಿತ್ತು. ಅದು ಬರೀ ರಿಕಾಪಿನ ಪಾದದ ತಟ್ಟೆಯ ಮೇಲೆ ನಿಲ್ಲುವುದರಿಂದ ಓರೆಯಾಗುವುದು ಹೆಚ್ಚು, ಫಲಿತಾಂಶವೂ ಸಾಮಾನ್ಯವಾಗಿ ಒಂದು ಹೆಜ್ಜೆ ಹಿಂದೆ.

ಈಗ ಮರು ಆಪರೇಷನ್ ಮಾತೇ ಬೇಡ. 6 ತಿಂಗಳಿಗೆ, 1 ವರ್ಷಕ್ಕೆ ಮತ್ತೆ ಆಡಿಯೋಗ್ರಾಂ (ಈ ಶ್ರವಣ ಪರೀಕ್ಷೆ) ಮಾಡಿಸಿ. ಆಮೇಲೂ ವರ್ಷಕ್ಕೊಮ್ಮೆ, ಯಾಕೆಂದರೆ ಈ ಕಿವಿಗಳು ಕೆಡುವುದು ನಿಧಾನವಾಗಿ. ಹೇಗೆ ಕೆಡುತ್ತದೆ ಎನ್ನುವುದರಲ್ಲೇ ಕಾರಣದ ಸುಳಿವಿರುತ್ತದೆ. ಸೀನಿದ ಮೇಲೋ ಪೆಟ್ಟು ಬಿದ್ದ ಮೇಲೋ ಒಮ್ಮೆಲೇ ಏರ್ ಕೆಟ್ಟು ಬೋನ್ ಹಾಗೇ ಇದ್ದರೆ ಪೋರ್ಪ್ ಜಾರಿರಬಹುದು. ತಿಂಗಳುಗಳಲ್ಲಿ ಮೆಲ್ಲಗೆ ಕೆಟ್ಟರೆ ಮೂಗಿನ ಹಿಂದಿನಿಂದ ಕಿವಿಗೆ ಗಾಳಿ ಕೊಡುವ ನಳಿಕೆ ಕೆಲಸ ಮಾಡದೆ ತಮಟೆ ಒಳಕ್ಕೆ ಎಳೆದುಕೊಳ್ಳುತ್ತಿದೆ, ಇಲ್ಲವೇ ಒಳಗೆ ಅಂಟು ಕಟ್ಟಿದೆ. ಮತ್ತೆ ವಾಸನೆಯ ಸೋರಿಕೆ ಶುರುವಾದರೆ ಕೊಲೆಸ್ಟಿಯಾಟೋಮಾ (ನಡುಗಿವಿಯಲ್ಲಿ ಚರ್ಮ ಬೆಳೆದು ಮೂಳೆ ತಿನ್ನುವ ಗಂಟು) ಇದೆಯಾ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು.

ಕಿವಿ ದಿಢೀರನೆ ಮಂದವಾಗಿ ಜೊತೆಗೆ ತಲೆ ಸುತ್ತಿದರೆ ಮಾತ್ರ ಕಾಯಬೇಡಿ. ಒಳಗಿವಿಗೆ ತೊಂದರೆಯಾಗಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ. ನಾಲಿಗೆಯ ಒಂದು ಬದಿ ರುಚಿ ಸಪ್ಪೆ ಅನ್ನಿಸುತ್ತಿದ್ದರೆ ಅದು ಬೇರೆ ಮಾತು: ರುಚಿಯ ನರ ತಮಟೆಯ ಹಿಂದೆಯೇ ಹಾದುಹೋಗುತ್ತದೆ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ.

ಕೊಪ್ಪ_ಕಿವಿಮೂಗು:
ಮರದ ವಿಷಯಕ್ಕೆ ಬರುತ್ತೇನೆ. ಭಾರ ಎತ್ತುವುದು, ತಿಣುಕುವುದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ತಡೆ, ಅದು ಮುಗಿದಿದೆ. ಮರಕ್ಕೆ ಅಷ್ಟು ಸಾಲದು. ಕಣ್ಣು ಮುಚ್ಚಿ ಪಾದ ಜೋಡಿಸಿ ನಿಂತರೆ ಓಲಾಡಬಾರದು, ಕತ್ತು ಮೇಲೆತ್ತಿ ತಟ್ಟನೆ ತಿರುಗಿದರೆ ತಲೆ ಸುತ್ತಬಾರದು. ಇದನ್ನು ವೈದ್ಯರ ಎದುರಿಗೇ ಮಾಡಿಸಿ, ಅವರು ಹೂಂ ಅಂದಮೇಲೆ ಹತ್ತಲಿ. ಆದರೆ ಮಳೆಗಾಲದ ಔಷಧಿ ಈ ವರ್ಷ ಬೇರೆಯವರಿಂದ ಹೊಡೆಸಿ. ತಲೆ ಎತ್ತಿ ಹೊಡೆಯುವಾಗ ಮೈಲುತುತ್ತದ ದ್ರಾವಣ ಕಿವಿಗೇ ಸುರಿಯುತ್ತದೆ.

ನಮ್ಮ ಕಡೆ ಆಷಾಢದ ತೇವಕ್ಕೆ ಕಿವಿಯಲ್ಲಿ ಬೂಷ್ಟು ಹಿಡಿಯುವುದು ಹೆಚ್ಚು. ತಲೆಗೆ ಸ್ನಾನ ಮಾಡುವಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಬಾಯಿಗೆ ಇಟ್ಟು, ಸ್ನಾನವಾದ ಕೂಡಲೇ ತೆಗೆಯಬೇಕು. ಒದ್ದೆ ಹತ್ತಿ ಇಡೀ ದಿನ ಇದ್ದರೆ ಅದೇ ಬೂಷ್ಟಿಗೆ ಹಾಸಿಗೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಬಡ್ಸ್ ಎರಡೂ ಬೇಡ. ತುರಿಕೆ ಶುರುವಾದರೆ ವೈದ್ಯರಿಂದ ಸಕ್ಷನ್ ಮಾಡಿಸಿ (ಬೂಷ್ಟು ಹೀರಿ ತೆಗೆಸಿ), ಆಮೇಲೆ ಹನಿ ಔಷಧಿ.

ಸೀನು ಬಂದರೆ ಬಾಯಿ ತೆರೆದು ಸೀನಲಿ.

ತೀರ್ಥಹಳ್ಳಿ_ತೋಟ:
ಮುಂದಿನ ವಾರ ಆಗುಂಬೆ ಇಳಿದು ಉಡುಪಿಗೆ ಹೋಗುವುದಿದೆ. ಘಾಟಿಯಲ್ಲಿ ಕಿವಿ ಕಟ್ಟುತ್ತದಲ್ಲ?

ಮಧ್ಯಕರ್ಣ:
ಹತ್ತುವುದಕ್ಕಿಂತ ಇಳಿಯುವುದೇ ಕಿವಿಗೆ ಕಷ್ಟ. ಆಗುಂಬೆ 600 ಮೀಟರಿಗೂ ಹೆಚ್ಚು ಎತ್ತರ, ಇಳಿಯುತ್ತ ಹೊರಗಿನ ಒತ್ತಡ ಏರಿ ತಮಟೆಯನ್ನು ಒಳಕ್ಕೆ, ಪೋರ್ಪನ್ನು ರಿಕಾಪಿನ ಮೇಲಕ್ಕೆ ಒತ್ತುತ್ತದೆ. 11 ವಾರ ಕಳೆದು ತಮಟೆ ಗಟ್ಟಿಯಾಗಿದ್ದರೆ ಹೋಗಬಹುದು. ಮೊದಲ ತಿರುವಿನಿಂದಲೇ ಏನಾದರೂ ಜಗಿಯುತ್ತಾ, ಗುಟುಕು ಗುಟುಕಾಗಿ ನೀರು ಕುಡಿಯುತ್ತಾ ಇರಲಿ. ಇಳಿಯುವಾಗ ನಿದ್ದೆ ಬೇಡ, ನಿದ್ದೆಯಲ್ಲಿ ನುಂಗುವುದು ಕಡಿಮೆ. ಮೂಗು ಹಿಡಿದು ಜೋರಾಗಿ ಊದಬಾರದು. ನೆಗಡಿ ಇದ್ದರೆ ಪ್ರಯಾಣ ಮುಂದಕ್ಕೆ ಹಾಕಿ.